ಬಲ-ಚಲನೆಗಳ ಪಾಠದಲ್ಲಿ ಹಿಂದೆ ಬೀಳುವ ವಿದ್ಯಾರ್ಥಿ

ಪ್ರೌಢಶಾಲೆಯ ವಿಷಯಗಳಲ್ಲಿ ಭೌತಶಾಸ್ತ್ರವು ಕಠಿಣವೆಂಬ ಮಾತು ಹಳೆಯದು. ಆ ಶಾಸ್ತ್ರದೊಳಗೂ ಬೆಳಕು, ಶಬ್ದ, ಉಷ್ಣಗಳ ಪಾಠಗಳನ್ನು ಹೇಗೋ ದಾಟಿ ಬರುವ ವಿದ್ಯಾರ್ಥಿಯು ಬಲ ಮತ್ತು ಚಲನೆಗಳ ಪಾಠದಲ್ಲಿ ಮುಗ್ಗರಿಸುವುದು ಅಧ್ಯಾಪಕರಿಗೆಲ್ಲ ಪರಿಚಿತವಾದ ಸಂಗತಿ. ಒಂಬತ್ತನೆಯ ತರಗತಿಯಲ್ಲಿ ಚಲನೆ, ಬಲ, ಗುರುತ್ವ, ಕೆಲಸ ಮತ್ತು ಶಕ್ತಿ ಎಂಬ ಪಾಠಗಳು ಒಂದರ ಹಿಂದೊಂದು ಬರುತ್ತವೆ. ಮೊದಲನೆಯದರಲ್ಲಿ ತಪ್ಪಿದ ಹೆಜ್ಜೆ ಎರಡನೆಯದರಲ್ಲಿ ಕುಂಟುತ್ತದೆ. ನಾಲ್ಕನೆಯದನ್ನು ತಲುಪುವಷ್ಟರಲ್ಲಿ ಹುಡುಗನು ಲೆಕ್ಕವನ್ನು ಬಿಟ್ಟು ವ್ಯಾಖ್ಯೆಗಳನ್ನು ಮಾತ್ರ ಬಾಯಿಪಾಠ ಮಾಡಿ ಪರೀಕ್ಷೆಗೆ ಕೂಡುವ ಉಪಾಯವನ್ನು ಕಂಡುಕೊಂಡಿರುತ್ತಾನೆ.

ಈ ಉಪಾಯದಿಂದ ಉತ್ತೀರ್ಣನಾಗಬಹುದು. ಆದರೆ ಹಾಗೆ ಉತ್ತೀರ್ಣನಾದವನು ತನ್ನ ವಿಷಯದಲ್ಲಿ ಒಂದು ತೀರ್ಪನ್ನು ತಾನೇ ಬರೆದುಕೊಂಡಿರುತ್ತಾನೆ: ಇದು ನನ್ನ ತಲೆಗೆ ಹತ್ತುವ ವಿದ್ಯೆಯಲ್ಲ. ಸಿಂಧನೂರು, ಮಸ್ಕಿ, ಲಿಂಗಸೂಗೂರುಗಳ ನಡುವಿನ ಗೊರೇಬಾಳ ಸೀಮೆಯಲ್ಲಿ, ಮನೆಯಲ್ಲಿ ಮೊದಲ ಬಾರಿಗೆ ಪ್ರೌಢಶಾಲೆಯ ಮೆಟ್ಟಿಲು ಹತ್ತಿದ ಮಕ್ಕಳ ಪಾಲಿಗೆ ಈ ತೀರ್ಪು ಮುಂದಿನ ಓದಿನ ದಾರಿಯನ್ನೇ ಬದಲಿಸಿಬಿಡುತ್ತದೆ. ವಿಜ್ಞಾನ ವಿಭಾಗ, ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಇವೆಲ್ಲ ಆ ಒಂದು ಪಾಠದ ಹೊಸ್ತಿಲಲ್ಲಿಯೇ ನಿಂತುಹೋಗುತ್ತವೆ. ತೀರ್ಪು ನ್ಯಾಯವಾದುದಾಗಿದ್ದರೆ ಹೇಳುವಂತಿರಲಿಲ್ಲ. ಅದು ನ್ಯಾಯವಾದುದಲ್ಲವೆಂಬುದಕ್ಕೆ ಸಾಕಷ್ಟು ಆಧಾರಗಳಿವೆ.

ಮೊದಲು ಗಮನಿಸಬೇಕಾದ ಅಂಶವೆಂದರೆ, ಇತರ ಪಾಠಗಳಿಗೂ ಈ ಪಾಠಕ್ಕೂ ಇರುವ ಒಂದು ಭೇದ. ವಿದ್ಯುತ್ತಿನ ಪಾಠಕ್ಕೆ ಬರುವ ಮಗುವಿನ ಮನಸ್ಸು ಬಹುಮಟ್ಟಿಗೆ ಖಾಲಿ ಹಲಗೆ. ಬಲ-ಚಲನೆಗಳ ಪಾಠಕ್ಕೆ ಬರುವ ಮಗುವಾದರೋ ಹದಿನಾಲ್ಕು ವರ್ಷಗಳ ಅನುಭವದಿಂದ ತನ್ನದೇ ಆದ ಒಂದು ಶಾಸ್ತ್ರವನ್ನು ಕಟ್ಟಿಕೊಂಡೇ ಬಂದಿರುತ್ತದೆ. ಜಾತ್ರೆಯ ತೇರನ್ನು ನೆನೆಯಿರಿ. ನೂರಾರು ಜನ ಮಿಣಿ ಹಿಡಿದು ಎಳೆದಾಗ ತೇರು ಕದಲುತ್ತದೆ, ಎಳೆಯುತ್ತಿರುವವರೆಗೆ ಸಾಗುತ್ತದೆ, ಕೈಬಿಟ್ಟೊಡನೆ ನಿಲ್ಲುತ್ತದೆ. ಇದನ್ನು ವರ್ಷ ವರ್ಷವೂ ಕಂಡ ಮಗುವು, ಬಲವಿದ್ದರೆ ಚಲನೆ, ಬಲವಿಲ್ಲದಿದ್ದರೆ ನಿಲುಗಡೆ ಎಂದು ನಿರ್ಣಯಿಸುವುದು ಸಹಜವೇ. ಎತ್ತಿನ ಗಾಡಿ, ಸೈಕಲ್ಲು, ತಳ್ಳುಗಾಡಿ ಎಲ್ಲವೂ ಆ ನಿರ್ಣಯಕ್ಕೇ ಸಾಕ್ಷಿ ನುಡಿಯುತ್ತವೆ. ಹೀಗಿರುವಲ್ಲಿ ಅಧ್ಯಾಪಕರು ಕರಿಹಲಗೆಯ ಮೇಲೆ, ಹೊರಗಿನ ಬಲ ವರ್ತಿಸದಿದ್ದರೆ ಚಲಿಸುವ ವಸ್ತುವು ಸರಳರೇಖೆಯಲ್ಲಿ ಏಕರೂಪ ವೇಗದಿಂದ ಚಲಿಸುತ್ತಲೇ ಇರುತ್ತದೆ ಎಂದು ಬರೆದರೆ, ಹುಡುಗನು ಅದನ್ನು ನಕಲು ಮಾಡಿಕೊಳ್ಳುತ್ತಾನೆ, ನಂಬುವುದಿಲ್ಲ. ಪರೀಕ್ಷೆಗೆ ಒಂದು ಶಾಸ್ತ್ರ, ತೇರಿಗೆ ಇನ್ನೊಂದು ಶಾಸ್ತ್ರ ಎಂದು ಎರಡು ಲೆಕ್ಕಪುಸ್ತಕಗಳನ್ನು ಇಟ್ಟುಕೊಳ್ಳುತ್ತಾನೆ.

ಮೇಲಕ್ಕೆ ಎಸೆದ ಕಲ್ಲಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ಕೈಬಿಟ್ಟ ಮೇಲೆ, ಕಲ್ಲು ಇನ್ನೂ ಮೇಲಕ್ಕೆ ಏರುತ್ತಿರುವಾಗ ಅದರ ಮೇಲೆ ಯಾವ ಯಾವ ಬಲಗಳಿವೆಯೆಂದು ಕೇಳಿ ನೋಡಬೇಕು. “ಕಲ್ಲಿನ್ಯಾಗ ಕೈಯಿನ ಜೋರು ಇನ್ನಾ ಉಳಿದೈತ್ರಿ ಸರ್” ಎಂಬ ಉತ್ತರವು ಬಾರದ ತರಗತಿಯು ವಿರಳ. ಆ ಜೋರು ಮೆಲ್ಲಮೆಲ್ಲನೆ ಕರಗಿ, ತುದಿಯಲ್ಲಿ ಮುಗಿದು, ಆಮೇಲೆ ಭೂಮಿಯ ಸೆಳೆತ ಮೇಲುಗೈಯಾಗಿ ಕಲ್ಲು ಬೀಳುತ್ತದೆ ಎಂಬುದು ಹುಡುಗನ ವಿವರಣೆ.

ಈ ಉತ್ತರವನ್ನು ದಡ್ಡತನವೆಂದು ತಳ್ಳಿಹಾಕುವ ಮುನ್ನ ಅದರ ವಂಶಾವಳಿಯನ್ನು ನೋಡುವುದು ಒಳ್ಳೆಯದು. ಬಿಟ್ಟ ಬಾಣವು ಮೊದಲು ಬಿಲ್ಲಿನ ನೂಕಿನಿಂದಲೂ ಅನಂತರ ತನ್ನಲ್ಲಿ ಹುಟ್ಟಿದ ಸಂಸ್ಕಾರದಿಂದಲೂ ಮುಂದುವರಿದು, ಆ ಸಂಸ್ಕಾರ ಇಲ್ಲವಾದಾಗ ಗುರುತ್ವದಿಂದ ಬೀಳುತ್ತದೆಂದು ವೈಶೇಷಿಕ ದರ್ಶನವು ಹೇಳಿತು. ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಫಿಲೋಪೋನಸನೂ ಹದಿನಾಲ್ಕನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಬ್ಯುರಿಡಾನನೂ ಇದಕ್ಕೆ ಹತ್ತಿರದ ಮಾತುಗಳನ್ನೇ ಆಡಿದರು. ವೈಶೇಷಿಕರ ಸಂಸ್ಕಾರವನ್ನೇ ನ್ಯೂಟನ್ನನ ನಿಯಮವೆಂದು ಸಾರಿ ಹೆಮ್ಮೆಪಡುವವರೂ ಉಂಟು. ಅದು ಎರಡಕ್ಕೂ ನ್ಯಾಯ ಮಾಡಿದಂತಲ್ಲ. ಚಲಿಸುವುದಕ್ಕೆ ಒಳಗೊಂದು ಕಾರಣ ಬೇಕೇ ಬೇಕೆಂಬುದು ಅವರೆಲ್ಲರ ಮತ. ಚಲನೆಗೆ ಕಾರಣ ಬೇಡ, ಚಲನೆಯ ಬದಲಾವಣೆಗೆ ಮಾತ್ರ ಕಾರಣ ಬೇಕು ಎಂಬ ನಿಲುವು ಗೆಲಿಲಿಯೋವಿನಿಂದ ಮೊದಲುಗೊಂಡು, 1687ರಲ್ಲಿ ಪ್ರಕಟವಾದ ನ್ಯೂಟನ್ನನ ಪ್ರಿನ್ಸಿಪಿಯಾದಲ್ಲಿ ನಿಯಮವಾಗಿ ನೆಲೆಗೊಂಡಿತು. ಜಗತ್ತಿನ ಮೇಧಾವಿಗಳಿಗೆ ಎರಡು ಸಾವಿರ ವರ್ಷ ಹಿಡಿದ ಹೆಜ್ಜೆಯನ್ನು ಶಾಲೆಯು ಎರಡು ವಾರಗಳಲ್ಲಿ ಇಡಿಸಲು ಹೊರಟಿರುತ್ತದೆ.

ಆಧುನಿಕ ಪರಿಶೀಲನೆಗಳೂ ಇದನ್ನೇ ಹೇಳುತ್ತವೆ. 1982ರಲ್ಲಿ ಅಮೆರಿಕದ ಜಾನ್ ಕ್ಲೆಮೆಂಟ್ ಎಂಬ ಸಂಶೋಧಕರು, ಮೇಲಕ್ಕೆ ಚಿಮ್ಮಿದ ನಾಣ್ಯದ ಮೇಲಿನ ಬಲಗಳನ್ನು ಗುರುತಿಸಿರೆಂದು ಕಾಲೇಜಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೇಳಿದಾಗ, ಬಹುಪಾಲು ಮಂದಿ ಮೇಲ್ಮುಖವಾದ ಒಂದು ಬಲದ ಬಾಣವನ್ನು ಎಳೆದರು. ಅಚ್ಚರಿಯ ಸಂಗತಿಯೆಂದರೆ, ಭೌತಶಾಸ್ತ್ರದ ಪಾಠ ಮುಗಿಸಿ ಬಂದವರಲ್ಲಿಯೂ ಹೆಚ್ಚಿನವರು ಹಾಗೆಯೇ ಮಾಡಿದರು. ಅಂದಮೇಲೆ ಗೊರೇಬಾಳ ಸೀಮೆಯ ಹುಡುಗನು ಸೋಲುತ್ತಿರುವುದು ಸಾಮಾನ್ಯ ಜಾಗದಲ್ಲಿ. ಆ ಸೋಲು ಅವನ ಊರಿನದೂ ಅಲ್ಲ, ಮನೆತನದ್ದೂ ಅಲ್ಲ.

ಹಾಗಾದರೆ ಮಾಡಬೇಕಾದುದೇನು? ಹುಡುಗನ ಶಾಸ್ತ್ರವನ್ನು ಬಾಯಿಮುಚ್ಚಿಸದೆ ಅದನ್ನು ಹೊರಗೆ ತೆಗೆದು ಪರೀಕ್ಷಿಸುವುದು ಮೊದಲ ಕೆಲಸ. ಕೇರಂ ಹಲಗೆಯ ಮೇಲೆ ಪುಡಿ ಹಾಕದೆ ಸ್ಟ್ರೈಕರನ್ನು ಒಮ್ಮೆ ಹೊಡೆಯಲಿ, ಪುಡಿ ಹಾಕಿ ಅಷ್ಟೇ ಮೆದುವಾಗಿ ಮತ್ತೊಮ್ಮೆ ಹೊಡೆಯಲಿ. ಪುಡಿಯು ಯಾವ ಜೋರನ್ನೂ ಕೊಡಲಿಲ್ಲ, ಆದರೂ ಸ್ಟ್ರೈಕರು ದೂರ ಹೋಯಿತು. ಹಾಗಾದರೆ ಮೊದಲ ಬಾರಿ ಅದು ಬೇಗನೆ ನಿಂತದ್ದು ಜೋರು ಮುಗಿದುದರಿಂದಲೋ, ಹಲಗೆಯು ಹಿಡಿದು ನಿಲ್ಲಿಸಿದುದರಿಂದಲೋ? ಈ ಪ್ರಶ್ನೆಯನ್ನು ಕೇಳಿ ಸುಮ್ಮನಿರುವುದು ಲೇಸು. ಉತ್ತರವನ್ನು ಅಧ್ಯಾಪಕರೇ ಹೇಳಿಬಿಟ್ಟರೆ ಅದೂ ಒಂದು ನಕಲಾಗುತ್ತದೆ. ಘರ್ಷಣೆಯು ಒಂದು ಬಲವೆಂದು, ಅದು ತೇರಿನ ಗಾಲಿ-ಅಚ್ಚುಗಳಲ್ಲಿಯೂ ನೆಲದಲ್ಲಿಯೂ ಕಾಣದೆ ಕೂತು ಹಿಂದಕ್ಕೆ ಎಳೆಯುತ್ತಿದೆಯೆಂದು ಮನಗಂಡ ಮೇಲೆ, ತೇರು ಒಂದೇ ವೇಗದಿಂದ ಸಾಗುವಾಗ ಜನರ ಎಳೆತವೂ ಘರ್ಷಣೆಯೂ ಸಮಸಮವಾಗಿ ಒಟ್ಟು ಬಲ ಸೊನ್ನೆಯಾಗಿದೆ ಎಂಬ ಮಾತು ಹುಡುಗನಿಗೆ ಅರ್ಥವಾಗುತ್ತದೆ. ಹೊರಡುವಾಗ ಹೆಚ್ಚು ಜನ ಬೇಕಾಗುವುದೇಕೆ, ಹೊರಟ ಮೇಲೆ ಮಿಣಿ ಸಡಿಲವಾಗುವುದೇಕೆ ಎಂಬುದನ್ನು ಆಮೇಲೆ ಅವನೇ ವಿವರಿಸುತ್ತಾನೆ.

ಎರಡನೆಯ ತೊಡಕು ಮಾತಿನದು. ಇದರ ಕಡೆಗೆ ಅಧ್ಯಾಪಕರ ಲಕ್ಷ್ಯ ಹೋಗುವುದು ಕಡಿಮೆ. ಈ ಸೀಮೆಯ ಆಡುಮಾತಿನಲ್ಲಿ ‘ಜೋರು’ ಎಂಬ ಒಂದೇ ಶಬ್ದವು ಎಷ್ಟು ಕೆಲಸ ಮಾಡುತ್ತದೆ! ಗಾಡಿ ಜೋರು ಹೋಯಿತು ಎಂದಾಗ ಅದು ವೇಗ. ಜೋರಿಲೆ ತಳ್ಳಿದ ಎಂದಾಗ ಬಲ. ಜೋರು ಒದರಿದ ಎಂದಾಗ ಶಬ್ದದ ತೀವ್ರತೆ. ಮಳೆ ಜೋರು ಬಂತು ಎಂದಾಗ ಇನ್ನೊಂದು. ವೇಗವನ್ನೂ ಬಲವನ್ನೂ ಒಂದೇ ಶಬ್ದದಿಂದ ಹೇಳುವ ಮನಸ್ಸು ಅವೆರಡನ್ನೂ ಒಂದೇ ವಸ್ತುವೆಂದು ಬಗೆದರೆ ಆಶ್ಚರ್ಯವಿಲ್ಲ. ‘ಬಲ’, ‘ಶಕ್ತಿ’, ‘ಸಾಮರ್ಥ್ಯ’ ಎಂಬ ಮೂರು ಪಾರಿಭಾಷಿಕ ಪದಗಳೂ ಮನೆಯ ಮಾತಿನಲ್ಲಿ ಒಂದಕ್ಕೊಂದು ಪರ್ಯಾಯ. ಶಾಸ್ತ್ರದಲ್ಲಿ ಮೊದಲನೆಯದನ್ನು ನ್ಯೂಟನ್ನಿನಲ್ಲಿಯೂ, ಎರಡನೆಯದನ್ನು ಜೂಲಿನಲ್ಲಿಯೂ, ಮೂರನೆಯದನ್ನು ವ್ಯಾಟಿನಲ್ಲಿಯೂ ಅಳೆಯುತ್ತಾರೆ. ‘ರಾಶಿ’ ಎಂದೊಡನೆ ರೈತನ ಮಗನಿಗೆ ಕಣದಲ್ಲಿ ಬಿದ್ದ ಜೋಳದ ಗುಡ್ಡೆ ಕಾಣುತ್ತದೆಯೇ ಹೊರತು ದ್ರವ್ಯದ ಪರಿಮಾಣವಲ್ಲ. ‘ಜವ’ ಎಂದರೆ ಅಜ್ಜಿಯ ಕಥೆಯ ಜವರಾಯ. ಇಂಥ ಪದಗಳನ್ನು ಪಠ್ಯಪುಸ್ತಕವು ಬಳಸುವುದರಲ್ಲಿ ತಪ್ಪಿಲ್ಲ. ಮನೆಯ ಅರ್ಥವನ್ನು ಮೊದಲು ಹೇಳಿಸಿ, ಶಾಸ್ತ್ರದ ಅರ್ಥವು ಅದರಿಂದ ಎಲ್ಲಿ ಅಗಲುತ್ತದೆಂದು ತೋರಿಸದೆ ಮುಂದೆ ಹೋಗುವುದು ತಪ್ಪು.

‘ಕೆಲಸ’ ಎಂಬ ಪದವನ್ನು ತೆಗೆದುಕೊಳ್ಳೋಣ. 75 ಕಿಲೋಗ್ರಾಂ ತೂಗುವ ಭತ್ತದ ಚೀಲವನ್ನು ಹಮಾಲನೊಬ್ಬನು ನೆಲದಿಂದ ಒಂದೂವರೆ ಮೀಟರ್ ಎತ್ತರದ ಲಾರಿಗೆ ಏರಿಸುತ್ತಾನೆ. ಗುರುತ್ವ ವೇಗೋತ್ಕರ್ಷವನ್ನು ಲೆಕ್ಕದ ಅನುಕೂಲಕ್ಕಾಗಿ 10 ಎಂದು ಇಟ್ಟುಕೊಂಡರೆ ಚೀಲದ ತೂಕ 750 ನ್ಯೂಟನ್, ಗುರುತ್ವದ ವಿರುದ್ಧ ಅವನು ಮಾಡಿದ ಕೆಲಸ 1,125 ಜೂಲ್. ಅದೇ ಚೀಲವನ್ನು ಬೆನ್ನ ಮೇಲೆ ಹೊತ್ತು ಸಪಾಟ ನೆಲದ ಮೇಲೆ ನೂರು ಹೆಜ್ಜೆ ನಡೆದರೆ ಗುರುತ್ವದ ವಿರುದ್ಧ ಮಾಡಿದ ಕೆಲಸ ಸೊನ್ನೆ! ಇಲ್ಲಿ ಹುಡುಗನು ಪುಸ್ತಕ ಮುಚ್ಚಿಡುತ್ತಾನೆ. ಅವನ ತಂದೆಯೇ ಹಮಾಲನಾಗಿದ್ದರೆ ಮನಸ್ಸಿನಲ್ಲಿ ನೊಂದುಕೊಳ್ಳಲೂಬಹುದು. ಹಮಾಲನ ಮೈಯ ಬೆವರನ್ನು ಭೌತಶಾಸ್ತ್ರವು ಅಲ್ಲಗಳೆಯುತ್ತಿಲ್ಲ, ಅವನ ಸ್ನಾಯುಗಳೊಳಗೆ ಶಕ್ತಿ ವ್ಯಯವಾಗುತ್ತಲೇ ಇದೆ, ಚೀಲಕ್ಕೆ ಎಷ್ಟು ಶಕ್ತಿ ಸಂದಾಯವಾಯಿತು ಎಂಬುದಷ್ಟೇ ಇಲ್ಲಿಯ ಪ್ರಶ್ನೆ ಎಂದು ಎರಡು ನಿಮಿಷ ಬಿಡಿಸಿ ಹೇಳಿದರೆ ಆ ಪುಸ್ತಕ ಮತ್ತೆ ತೆರೆಯುತ್ತದೆ.

ಇನ್ನು ಲೆಕ್ಕ ಬಿಡಿಸುವ ವಿಧಾನ. ಹಿಂದೆ ಬಿದ್ದ ವಿದ್ಯಾರ್ಥಿಯು ಲೆಕ್ಕವನ್ನು ಓದುವ ಬಗೆಯನ್ನು ಗಮನಿಸಿದರೆ ರೋಗದ ಮೂಲ ಸಿಕ್ಕುತ್ತದೆ. ಅವನು ಮಾತುಗಳನ್ನು ಹಾರಿಸಿ ಅಂಕಿಗಳನ್ನು ಆರಿಸುತ್ತಾನೆ. ಅಂಕಿಗಳಿಗೆ ಅಕ್ಷರಗಳನ್ನು ಹಚ್ಚುತ್ತಾನೆ. ಆ ಅಕ್ಷರಗಳೆಲ್ಲ ಇರುವ ಸೂತ್ರವನ್ನು ಗೈಡಿನಲ್ಲಿ ಹುಡುಕುತ್ತಾನೆ. ಚಿತ್ರವೆಂಬುದು ಎಲ್ಲಿಯೂ ಇಲ್ಲ. ಈ ಅಭ್ಯಾಸವನ್ನು ತಪ್ಪಿಸಲು ಒಂದು ಕಟ್ಟುಪಾಡು ಸಾಕು: ಚಿತ್ರ ಬರೆದು ಮೂರು ಪ್ರಶ್ನೆಗಳಿಗೆ ಉತ್ತರಿಸುವವರೆಗೆ ಸೂತ್ರವನ್ನು ಮುಟ್ಟಕೂಡದು. ಯಾವ ವಸ್ತುವಿನ ವಿಚಾರ? ಅದರ ಮೇಲೆ ಬಲ ಹಾಕುತ್ತಿರುವವರು ಯಾರು ಯಾರು? ಅದರ ವೇಗ ಬದಲಾಗುತ್ತಿದೆಯೇ, ಆದರೆ ಯಾವ ದಿಕ್ಕಿಗೆ? ವಸ್ತುವನ್ನು ಒಂದು ಚೌಕವಾಗಿ ಬರೆದು, ಒಂದೊಂದು ಬಲಕ್ಕೂ ಒಂದೊಂದು ಬಾಣ ಎಳೆದು, ಬಾಣದ ಪಕ್ಕದಲ್ಲಿ ಆ ಬಲವನ್ನು ಕೊಡುವವರ ಹೆಸರನ್ನು ಬರೆಯಬೇಕು. ಕೊಡುವವರ ಹೆಸರಿಲ್ಲದ ಬಲ ಚಿತ್ರದಲ್ಲಿ ಇರಕೂಡದು.

ಎರಡನೆಯ ಪ್ರಶ್ನೆಯ ಗುಣ ದೊಡ್ಡದು. ಎಸೆದ ಕಲ್ಲಿಗೇ ಅದನ್ನು ಹಾಕಿ ನೋಡೋಣ. ಕಲ್ಲನ್ನು ಈಗ ಮುಟ್ಟಿರುವವರು ಯಾರು? ಗಾಳಿ ಮಾತ್ರ, ಅದರ ತಡೆ ಅಲ್ಪ. ಮುಟ್ಟದೆಯೇ ಎಳೆಯುವವಳು ಭೂಮಿ. ಕೈಯೋ? ಅದು ಬಿಟ್ಟು ದೂರ ಬಂದಿದೆ. ಹೀಗೆ ‘ಕೈಯಿನ ಜೋರು’ ಯಾರ ಖಂಡನೆಯೂ ಇಲ್ಲದೆ ತಾನೇ ಬಿದ್ದುಹೋಗುತ್ತದೆ. ಕಲ್ಲಿನಲ್ಲಿ ಉಳಿದಿರುವುದು ಬಲವಲ್ಲ, ವೇಗ. ಸೆಕೆಂಡಿಗೆ 20 ಮೀಟರ್ ವೇಗದಿಂದ ಹೊರಟಿದ್ದರೆ ಪ್ರತಿ ಸೆಕೆಂಡಿಗೂ ಭೂಮಿಯು ಅದರಲ್ಲಿ 10 ಮೀಟರಿನಷ್ಟು ವೇಗವನ್ನು ಕಡಿಯುತ್ತ ಬರುತ್ತದೆ. ಎರಡು ಸೆಕೆಂಡುಗಳಲ್ಲಿ 20 ಮೀಟರ್ ಎತ್ತರ ಮುಟ್ಟಿ ವೇಗ ಸೊನ್ನೆಯಾಗುತ್ತದೆ. ಆ ಕ್ಷಣದಲ್ಲಿಯೂ ಭೂಮಿಯ ಎಳೆತವು ಎಳ್ಳಷ್ಟೂ ತಗ್ಗಿಲ್ಲ. ವೇಗ ಸೊನ್ನೆ, ವೇಗೋತ್ಕರ್ಷ ಸೊನ್ನೆಯಲ್ಲ ಎಂಬ ಈ ಒಂದು ಮಾತು ದಕ್ಕಿದವನಿಗೆ ಪಾಠದ ಅರ್ಧ ದಕ್ಕಿದಂತೆ.

ಬಾವಿಯ ಕೊಡವು ಇನ್ನೊಂದು ಒಳ್ಳೆಯ ಉದಾಹರಣೆ. ನೀರು ತುಂಬಿದ ಕೊಡದ ದ್ರವ್ಯರಾಶಿ 12 ಕಿಲೋಗ್ರಾಂ ಇರಲಿ. ಭೂಮಿಯು ಕೆಳಕ್ಕೆ 120 ನ್ಯೂಟನ್ ಬಲದಿಂದ ಎಳೆಯುತ್ತದೆ. ಹಗ್ಗವು ಮೇಲಕ್ಕೆ ಎಳೆಯುತ್ತದೆ. ಒಂದೇ ವೇಗದಿಂದ ಸೇದುತ್ತಿದ್ದರೆ ಹಗ್ಗದ ಎಳೆತವೂ 120 ನ್ಯೂಟನ್ನೇ. ಏರುತ್ತಿರುವ ಕೊಡಕ್ಕೆ ಮೇಲಿನ ಬಲ ಹೆಚ್ಚಿರಲೇಬೇಕೆಂದು ಹುಡುಗನು ಹಟ ಹಿಡಿಯುವುದು ಇಲ್ಲಿಯೇ. ಮೂರನೆಯ ಪ್ರಶ್ನೆಯನ್ನು ನೆನಪಿಸಬೇಕು. ವೇಗ ಬದಲಾಗುತ್ತಿಲ್ಲ, ಆದ್ದರಿಂದ ಬಲಗಳು ಸಮ. ಅವಸರದಲ್ಲಿ ಜಗ್ಗಿ, ಸೆಕೆಂಡಿಗೆ 2 ಮೀಟರಿನಷ್ಟು ವೇಗವು ಪ್ರತಿ ಸೆಕೆಂಡಿಗೂ ಏರುವಂತೆ ಎಳೆದರೆ ಹಗ್ಗಕ್ಕೆ 144 ನ್ಯೂಟನ್ ಬೀಳುತ್ತದೆ. ಹಳೆಯ ಹಗ್ಗ ಸಾವಕಾಶವಾಗಿ ಸೇದಿದರೆ ತಾಳುವುದೂ, ಜಗ್ಗಿದರೆ ಹರಿಯುವುದೂ ಇದರಿಂದಲೇ. ಮನೆಯ ತಾಯಂದಿರು ಇದನ್ನು ಬಲ್ಲರು. ಕಾರಣವನ್ನು ಮಗಳು ಶಾಲೆಯಿಂದ ಒಯ್ದು ಹೇಳಬಹುದು.

ಈ ಕೊಡದಿಂದ ಹಟ್ಟಿಗೆ ಬಹು ದೂರವಿಲ್ಲ. ಲಿಂಗಸೂಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಯ ಕಂಪನಿಯು 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಿಂದ ಆರಂಭಗೊಂಡದ್ದು. ಗಣಿಯ ಕೂಪಗಳಲ್ಲಿ ಜನರನ್ನು ಇಳಿಸಿ ಏರಿಸುವ ತೊಟ್ಟಿಲುಗಳು ಉಕ್ಕಿನ ಹಗ್ಗಕ್ಕೆ ತೂಗಿರುತ್ತವೆ. ಲೆಕ್ಕಕ್ಕಾಗಿ ತೊಟ್ಟಿಲೂ ಜನರೂ ಸೇರಿ 3,000 ಕಿಲೋಗ್ರಾಂ ಎಂದು ಭಾವಿಸೋಣ. ನಿಂತಾಗ ಹಗ್ಗದ ಎಳೆತ 30,000 ನ್ಯೂಟನ್. ಮೇಲಕ್ಕೆ ಹೊರಡುವಾಗ ವೇಗೋತ್ಕರ್ಷವು 1 ಇದ್ದರೆ 33,000. ಕೆಳಕ್ಕೆ ಹೊರಡುವಾಗ 27,000. ಕೆಳಗಿಳಿಯುತ್ತಿರುವ ತೊಟ್ಟಿಲು ತಳದಲ್ಲಿ ಅದೇ ಪ್ರಮಾಣದಲ್ಲಿ ನಿಧಾನವಾಗಿ ನಿಲ್ಲುವಾಗ ಎಷ್ಟು? ಕೆಳಗಿಳಿಯುತ್ತಿದೆಯಲ್ಲ ಎಂದು 27,000 ಎನ್ನುವವರೇ ಹೆಚ್ಚು. ಸರಿಯಾದ ಉತ್ತರ 33,000. ಚಲನೆ ಕೆಳಮುಖವಾದರೂ ಕೆಳಮುಖವಾದ ವೇಗವು ಕಡಿಮೆಯಾಗುತ್ತಿದೆ, ಅಂದರೆ ವೇಗೋತ್ಕರ್ಷವು ಮೇಲ್ಮುಖ. ಹಗ್ಗವನ್ನು ಆರಿಸುವ ಇಂಜಿನಿಯರನು ಇಲ್ಲಿ ತಪ್ಪಿದರೆ ಬೆಲೆ ತೆರುವವರು ತೊಟ್ಟಿಲೊಳಗಿನವರು. ಶಾಲೆಯ ಲೆಕ್ಕಕ್ಕೆ ಇದಕ್ಕಿಂತ ಗಂಭೀರವಾದ ಸಮರ್ಥನೆ ಬೇಕಿಲ್ಲ.

ಬಾವಿಯ ಕೊಡ, ಗಣಿಯ ತೊಟ್ಟಿಲು ಎರಡೂ ಒಂದೇ ಲೆಕ್ಕವೆಂದು ಕಾಣುವುದೇ ಪ್ರಗತಿಯ ಗುರುತು. 1981ರಲ್ಲಿ ಚಿ, ಫೆಲ್ಟೋವಿಚ್, ಗ್ಲೇಸರ್ ಎಂಬ ಸಂಶೋಧಕರು ಭೌತಶಾಸ್ತ್ರದ ಲೆಕ್ಕಗಳನ್ನು ಗುಂಪು ಮಾಡಿರೆಂದು ಹೊಸಬರಿಗೂ ಬಲ್ಲವರಿಗೂ ಕೊಟ್ಟರು. ಹೊಸಬರು ರಾಟೆಯ ಲೆಕ್ಕಗಳು, ಇಳಿಜಾರಿನ ಲೆಕ್ಕಗಳು ಎಂದು ಕಣ್ಣಿಗೆ ಕಂಡ ಸಾಮಗ್ರಿಯಂತೆ ವಿಂಗಡಿಸಿದರೆ, ಬಲ್ಲವರು ಶಕ್ತಿಯ ಸಂರಕ್ಷಣೆ, ನ್ಯೂಟನ್ನನ ಎರಡನೆಯ ನಿಯಮ ಎಂದು ಒಳಗಿನ ತತ್ತ್ವದಂತೆ ವಿಂಗಡಿಸಿದರು. ಆದಕಾರಣ ಐವತ್ತು ಲೆಕ್ಕಗಳನ್ನು ಅವಸರದಿಂದ ಮಾಡಿಸುವುದಕ್ಕಿಂತ, ಮಾಡಿ ಮುಗಿಸಿದ ಹತ್ತನ್ನು ಮುಂದಿಟ್ಟು, ಇವುಗಳಲ್ಲಿ ಅಣ್ಣತಮ್ಮಂದಿರು ಯಾವುವು ಎಂದು ಕೇಳುವುದು ಹೆಚ್ಚು ಫಲಕಾರಿ.

ಸೂತ್ರಗಳ ಭಯ ಹೋಗಿಸಲು ನಕ್ಷೆಯಂಥ ಸಾಧನ ಮತ್ತೊಂದಿಲ್ಲ. ಮೋಟಾರು ಸೈಕಲ್ಲೊಂದು ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬರುತ್ತಿದೆ. ಬ್ರೇಕು ಪ್ರತಿ ಸೆಕೆಂಡಿಗೂ 5 ಮೀಟರಿನಷ್ಟು ವೇಗವನ್ನು ಕಡಿಯುತ್ತದೆ. ಎರಡು ಸೆಕೆಂಡುಗಳಲ್ಲಿ ಗಾಡಿ ನಿಲ್ಲುತ್ತದೆ. ಕಾಲವನ್ನು ಅಡ್ಡಲಾಗಿಯೂ ವೇಗವನ್ನು ಲಂಬವಾಗಿಯೂ ಗುರುತಿಸಿದರೆ ಒಂದು ತ್ರಿಕೋನವಾಗುತ್ತದೆ: ಪಾದ 2, ಎತ್ತರ 10, ವಿಸ್ತೀರ್ಣ 10. ಅದೇ ಕ್ರಮಿಸಿದ ದೂರ, 10 ಮೀಟರ್. ಈಗ ವೇಗವನ್ನು ಇಮ್ಮಡಿ ಮಾಡಿ 72 ಕಿಲೋಮೀಟರ್ ಎನ್ನೋಣ. ತ್ರಿಕೋನದ ಎತ್ತರವೂ ಇಮ್ಮಡಿಯಾಯಿತು, ನಿಲ್ಲಲು ಬೇಕಾದ ಕಾಲವೂ ಇಮ್ಮಡಿಯಾಗಿ ಪಾದವೂ ಬೆಳೆಯಿತು. ವಿಸ್ತೀರ್ಣ ನಾಲ್ಮಡಿಯಾಗಿ 40 ಮೀಟರ್. ಸೂತ್ರದ ವರ್ಗಚಿಹ್ನೆಯು ಎಲ್ಲಿಂದ ಬಂತೆಂಬುದು ಕಣ್ಣಿಗೆ ಕಂಡಿತು. ಸವಾರನು ಎಚ್ಚೆತ್ತು ಬ್ರೇಕು ಒತ್ತುವವರೆಗೆ ಓಡಿದ ದೂರವು ಇದಕ್ಕೆ ಹೊರತು. ಸಿಂಧನೂರು-ಮಸ್ಕಿ ರಸ್ತೆಯಲ್ಲಿ ಭತ್ತ ಹೇರಿದ ಟ್ರ್ಯಾಕ್ಟರಿನ ಹಿಂದೆ ಗಾಡಿ ಓಡಿಸುವ ತರುಣನಿಗೆ ಈ ತ್ರಿಕೋನ ನೆನಪಿರುವುದು ಅಂಕಪಟ್ಟಿಗಿಂತಲೂ ಮುಖ್ಯವಾದುದು.

ಮೂರನೆಯ ನಿಯಮದ ಬಗ್ಗೆ ಒಂದು ಮಾತು. ಗಾಡಿಯನ್ನು ಎತ್ತು ಎಷ್ಟು ಎಳೆಯುತ್ತದೆಯೋ ಅಷ್ಟೇ ಬಲದಿಂದ ಗಾಡಿಯೂ ಎತ್ತನ್ನು ಹಿಂದಕ್ಕೆ ಎಳೆದರೆ ಗಾಡಿ ಹೋಗುವುದಾದರೂ ಹೇಗೆ ಎಂದು ಕೇಳುವ ಹುಡುಗನು ತರಗತಿಯ ಅತ್ಯುತ್ತಮ ಪ್ರಶ್ನೆಯನ್ನು ಕೇಳಿರುತ್ತಾನೆ. ಎರಡು ಬಲಗಳೂ ಸಮ, ನಿಜ. ಆದರೆ ಅವು ಎರಡು ಬೇರೆ ವಸ್ತುಗಳ ಮೇಲಿವೆ. ಗಾಡಿಯ ಚಿತ್ರದಲ್ಲಿ ನೊಗದ ಎಳೆತ ಒಂದು, ನೆಲದ ತಡೆ ಒಂದು. ಎತ್ತಿನ ಚಿತ್ರದಲ್ಲಿ ಗಾಡಿಯ ಹಿಂದೆಳೆತ ಒಂದು, ಗೊರಸು ಹಿಂದಕ್ಕೆ ಒದ್ದುದಕ್ಕೆ ಪ್ರತಿಯಾಗಿ ನೆಲವು ಎತ್ತನ್ನು ಮುಂದಕ್ಕೆ ನೂಕುವುದು ಇನ್ನೊಂದು. ಎತ್ತನ್ನು ಮುಂದೆ ಸಾಗಿಸುವುದು ನೆಲವೆಂಬ ಮಾತು ವಿಚಿತ್ರವಾಗಿ ಕೇಳಿಸುತ್ತದೆ. ಆದರೆ ಮಳೆಯಲ್ಲಿ ನೆನೆದ ಎರೆಭೂಮಿಯಲ್ಲಿ ಗಾಡಿ ಹೂಡಿದವರಿಗೆ ಅದು ಹೊಸದಲ್ಲ. ಎತ್ತಿನ ಕಸುವು ಅದೇ, ಗಾಡಿಯೂ ಅದೇ. ಗೊರಸಿಗೆ ಹಿಡಿತ ಸಿಕ್ಕದೆ ಎತ್ತು ಜಾರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತದ ಗದ್ದೆಯನ್ನು ಕೆಸರು ಮಾಡುವಾಗ ಟ್ರ್ಯಾಕ್ಟರಿಗೆ ಕಬ್ಬಿಣದ ಪಟ್ಟಿಗಳ ಗಾಲಿ ಜೋಡಿಸುವುದೂ ಆ ಹಿಡಿತಕ್ಕಾಗಿಯೇ.

ಪ್ರಯೋಗಶಾಲೆ ಇಲ್ಲವೆಂಬ ಕೊರಗು ಅನೇಕ ಗ್ರಾಮೀಣ ಶಾಲೆಗಳಲ್ಲಿ ಕೇಳಿಬರುತ್ತದೆ. ದಾನಿಗಳು ಮನಸ್ಸು ಮಾಡಿದಾಗ ಗಾಜಿನ ಕಪಾಟು, ಬೆಲೆಬಾಳುವ ಉಪಕರಣ ಬರುತ್ತವೆ; ಮುರಿದೀತೆಂಬ ಭಯದಿಂದ ಬೀಗವೂ ಬೀಳುತ್ತದೆ. ಈ ಪಾಠಗಳ ಮಟ್ಟಿಗೆ, ಇಬ್ಬರಿಗೊಂದರಂತೆ ಸ್ಪ್ರಿಂಗ್ ತ್ರಾಸುಗಳೂ ಕೆಲವು ಅಳತೆಪಟ್ಟಿಗಳೂ ಆ ಕಪಾಟಿಗಿಂತ ಹೆಚ್ಚು ಉಪಕಾರ ಮಾಡುತ್ತವೆ. ಹಣವೇ ಬೇಡದ ಪ್ರಯೋಗವೂ ಒಂದುಂಟು. ಗೆಲಿಲಿಯೋ ಬೀಳುವ ವಸ್ತುವಿನ ಚಲನೆಯನ್ನು ಅಳೆಯಲು, ಬೀಳುವಿಕೆಯು ಅತಿ ಶೀಘ್ರವಾದುದರಿಂದ, ಇಳಿಜಾರು ಮಾಡಿದ ಮರದ ಹಲಗೆಯ ಕಾಲುವೆಯಲ್ಲಿ ಕಂಚಿನ ಗುಂಡನ್ನು ಉರುಳಿಸಿದನು. ಕಾಲವನ್ನು ಹರಿದುಬಿದ್ದ ನೀರನ್ನು ತೂಗಿ ಅಳೆದನು. 1638ರ ಅವನ ಗ್ರಂಥದಲ್ಲಿ ಇದರ ವರ್ಣನೆಯಿದೆ. ಅವನ ತಂದೆ ಸಂಗೀತಗಾರ. ಅವನು ತಾಳದ ಲಯದಿಂದಲೂ ಕಾಲವನ್ನು ಅಳೆದಿರಬಹುದೆಂದು 1970ರ ದಶಕದಲ್ಲಿ ಸ್ಟಿಲ್‌ಮನ್ ಡ್ರೇಕ್ ಎಂಬ ಇತಿಹಾಸಕಾರರು ಊಹಿಸಿದರು.

ಉದ್ದಕ್ಕೆ ಸೀಳಿದ ಎರಡು ಮೀಟರಿನ ಪ್ಲಾಸ್ಟಿಕ್ ಕೊಳವೆಯ ಒಂದು ತುದಿಯನ್ನು ಒಂದು ಗೇಣಿನಷ್ಟು ಎತ್ತರಿಸಿ, ಮೇಲಿನ ತುದಿಯಿಂದ 10, 40, 90, 160 ಸೆಂಟಿಮೀಟರುಗಳಲ್ಲಿ ತಳಕ್ಕೆ ತಾಗುವಂತೆ ತೆಳುವಾದ ದಾರಗಳನ್ನು ಅಡ್ಡ ಕಟ್ಟಬೇಕು. ಗೋಲಿಯನ್ನು ಬಿಟ್ಟರೆ ಅದು ಒಂದೊಂದು ದಾರವನ್ನು ದಾಟುವಾಗಲೂ ಸಣ್ಣ ಸದ್ದಾಗುತ್ತದೆ. ದೂರಗಳು ಹಿಗ್ಗುತ್ತ ಹೋದರೂ ಸದ್ದುಗಳು ಸಮ ಲಯದಲ್ಲಿ ಬೀಳುತ್ತವೆ. ದಾರಗಳನ್ನು ಸಮ ದೂರದಲ್ಲಿ ಕಟ್ಟಿದರೆ ಲಯ ಓಡುತ್ತದೆ. ಭಜನೆಯ ತಾಳಕ್ಕೆ ಪಳಗಿದ ಮಠದ ಮಕ್ಕಳ ಕಿವಿಗೆ ಇದಕ್ಕೆ ಗಡಿಯಾರ ಬೇಡ. ಒಂದು, ನಾಲ್ಕು, ಒಂಬತ್ತು, ಹದಿನಾರು ಎಂಬ ವರ್ಗಗಳ ಸಾಲನ್ನು ಕಿವಿಯಿಂದ ಕೇಳಿದವನು ದೂರವು ಕಾಲದ ವರ್ಗದಂತೆ ಬೆಳೆಯುತ್ತದೆಂಬ ಸೂತ್ರವನ್ನು ಬಾಯಿಪಾಠ ಮಾಡಬೇಕಾದ ಪ್ರಮೇಯವಿಲ್ಲ.

ಸಂಜೆಯ ಅಭ್ಯಾಸದ ವಿಷಯದಲ್ಲಿ ಪ್ರಸಾದ ನಿಲಯದ ವಿದ್ಯಾರ್ಥಿಗಳಿಗೆ ಒಂದು ಅನುಕೂಲವುಂಟು, ಅವರು ಒಂಟಿಯಲ್ಲ. 1989ರಲ್ಲಿ ಚಿ ಮತ್ತು ಸಂಗಡಿಗರು ಬಲವಿಜ್ಞಾನದ ಬಿಡಿಸಿದ ಲೆಕ್ಕಗಳನ್ನು ವಿದ್ಯಾರ್ಥಿಗಳು ಓದುವ ಬಗೆಯನ್ನು ಪರಿಶೀಲಿಸಿದಾಗ, ಮುಂದೆ ಚೆನ್ನಾಗಿ ಲೆಕ್ಕ ಬಿಡಿಸಿದವರು ಓದುವಾಗ ಪ್ರತಿ ಹೆಜ್ಜೆಗೂ ಇದೇಕೆ ಹೀಗೆ ಎಂದು ತಮಗೆ ತಾವೇ ವಿವರಿಸಿಕೊಂಡವರೆಂದೂ, ತಮಗೆ ಅರ್ಥವಾಗದ ಜಾಗವನ್ನು ಸರಿಯಾಗಿ ಗುರುತಿಸಿದವರೆಂದೂ ಕಂಡುಬಂದಿತು. ಸೋತವರು ಎಲ್ಲವೂ ಅರ್ಥವಾಯಿತೆಂದು ಪುಟ ತಿರುವಿದ್ದರು. ಆದ್ದರಿಂದ ಇಬ್ಬಿಬ್ಬರು ಕೂತು, ಒಬ್ಬನು ಹೆಜ್ಜೆ ಹೇಳಿ ಇನ್ನೊಬ್ಬನು ‘ಯಾಕೆ’ ಎಂದು ಕೇಳುವ ಪದ್ಧತಿಯನ್ನು ಅರ್ಧ ಗಂಟೆ ನಡೆಸಿದರೂ ಸಾಕು. ತಪ್ಪಿದ ಲೆಕ್ಕವನ್ನು ಅಳಿಸಕೂಡದು. ಪಕ್ಕದಲ್ಲಿ ತಪ್ಪಿದ ಕಾರಣವನ್ನು ಒಂದು ಸಾಲಿನಲ್ಲಿ ಬರೆದು, ನಾಲ್ಕು ದಿನ ಬಿಟ್ಟು ಪುಸ್ತಕ ನೋಡದೆ ಮತ್ತೆ ಬಿಡಿಸಬೇಕು. ತಿಂಗಳ ಕೊನೆಗೆ ಆ ಸಾಲುಗಳನ್ನು ಓದಿದರೆ ಹುಡುಗನಿಗೆ ತನ್ನ ತಪ್ಪುಗಳು ನೂರಲ್ಲ, ಮೂರೋ ನಾಲ್ಕೋ ಮಾತ್ರ, ಅವೇ ವೇಷ ಬದಲಿಸಿ ಬರುತ್ತಿವೆಯೆಂದು ತಿಳಿಯುತ್ತದೆ. ದಿಕ್ಕಿನ ಚಿಹ್ನೆ ಮರೆತದ್ದು, ತೂಕಕ್ಕೂ ದ್ರವ್ಯರಾಶಿಗೂ ಅದಲುಬದಲಾದದ್ದು, ಗಂಟೆಗೆ ಕಿಲೋಮೀಟರನ್ನು ಸೆಕೆಂಡಿಗೆ ಮೀಟರಾಗಿ ಬದಲಿಸದೆ ಬಿಟ್ಟದ್ದು, ಇವೇ ಬಹುಪಾಲು.

ಕಡೆಯದಾಗಿ ಹಳೆಯ ವಿದ್ಯಾರ್ಥಿಗಳು ಬಲ್ಲ ಒಂದು ಕಷ್ಟವನ್ನು ಹೇಳಬೇಕು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಸಿಂಧನೂರಿಗೋ ರಾಯಚೂರಿಗೋ ಪದವಿಪೂರ್ವ ವಿಜ್ಞಾನಕ್ಕೆ ಹೋದ ವಿದ್ಯಾರ್ಥಿಯು ಅಲ್ಲಿ ಅದೇ ಬಲ-ಚಲನೆಗಳ ಪಾಠವನ್ನು ಇಂಗ್ಲಿಷಿನಲ್ಲಿ ಎದುರಿಸುತ್ತಾನೆ. ತಿಳಿದ ಪಾಠವೇ ತಿಳಿಯದಂತಾಗುತ್ತದೆ. ಎಷ್ಟೋ ಮಕ್ಕಳು ಮೊದಲ ಮೂರು ತಿಂಗಳಲ್ಲಿಯೇ ಧೈರ್ಯಗೆಡುತ್ತಾರೆ. ಒಂಬತ್ತನೆಯ ತರಗತಿಯಿಂದಲೇ ಪ್ರತಿಯೊಬ್ಬರ ಟಿಪ್ಪಣಿ ಪುಸ್ತಕದಲ್ಲಿ ಎರಡು ಅಂಕಣಗಳಿರಲಿ: ಜವದ ಎದುರು ಸ್ಪೀಡ್, ವೇಗದ ಎದುರು ವೆಲಾಸಿಟಿ, ವೇಗೋತ್ಕರ್ಷದ ಎದುರು ಆಕ್ಸಿಲರೇಷನ್, ಸಂವೇಗದ ಎದುರು ಮೊಮೆಂಟಮ್, ಜಡತ್ವದ ಎದುರು ಇನರ್ಷಿಯಾ. ಬಲ-ಚಲನೆಗಳ ಪಾಠಗಳೆಲ್ಲ ಸೇರಿ ಇಂಥ ಪದಗಳು ನಲವತ್ತನ್ನು ಮೀರಲಾರವು. ತಿಳಿವಳಿಕೆ ಕನ್ನಡದಲ್ಲಿ ಗಟ್ಟಿಯಾಗಿದ್ದರೆ ಈ ನಲವತ್ತು ಹೆಸರುಗಳನ್ನು ಒಂದು ಬೇಸಿಗೆಯಲ್ಲಿ ಕಲಿಯಬಹುದು. ಈಗ ಇಂಜಿನಿಯರುಗಳೋ ಉಪನ್ಯಾಸಕರೋ ಆಗಿರುವ ಹಳೆಯ ವಿದ್ಯಾರ್ಥಿಗಳು, ಫಲಿತಾಂಶಕ್ಕೂ ಕಾಲೇಜು ತೆರೆಯುವುದಕ್ಕೂ ನಡುವಿನ ಆ ವಾರಗಳಲ್ಲಿ ಊರಿಗೆ ಬಂದಾಗ, ಹತ್ತನೆಯ ತರಗತಿ ದಾಟಿದ ಹತ್ತು ಮಕ್ಕಳನ್ನು ಕೂಡಿಸಿಕೊಂಡು ಅದೇ ಬಾವಿಯ ಕೊಡದ ಲೆಕ್ಕವನ್ನು ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ ಬಿಡಿಸಿ ತೋರಿಸಬಹುದು.